ಇಂಗ್ಲಿಷ್ ನುಡಿಯಲ್ಲಿ ಮುಂಬರುವುದರ ಮಾತು

ಕಳೆದುಹೋದುದಕ್ಕೆ ಸಾಕ್ಷಿಗಳಿರುವರು, ನಡೆಯುತ್ತಿರುವುದು ಕಣ್ಣೆದುರಿಗಿರುವುದು, ಮುಂಬರುವುದನ್ನು ಮಾತ್ರ ಕಂಡವರಿಲ್ಲ. ಆದುದರಿಂದ ‘ಇಂತಹದು ನಡೆಯುವುದು’ ಎಂದು ಹೇಳುವವನು ತನ್ನ ಆಸೆಯನ್ನೋ, ಭಯವನ್ನೋ, ನಂಬಿಕೆಯನ್ನೋ, ಸಂಕಲ್ಪವನ್ನೋ ಹೇಳುತ್ತಾನೆಯೇ ಹೊರತು ಕಂಡುದನ್ನು ಹೇಳಲಾರನು. ಈ ಸತ್ಯದ ಗುರುತು ಇಂಗ್ಲಿಷ್ ವ್ಯಾಕರಣದ ಚರಿತ್ರೆಯಲ್ಲಿ ಸ್ಫುಟವಾಗಿ ಕಾಣುತ್ತದೆ. ಭವಿಷ್ಯತ್ಕಾಲಕ್ಕೆಂದೇ ಮೀಸಲಾದ ಪ್ರತ್ಯಯವು ಆ ಭಾಷೆಗೆ ಎಂದೂ ಇರಲಿಲ್ಲ. ಆ ಕೊರತೆಯನ್ನು ಅದು ತುಂಬಿಕೊಂಡ ಬಗೆಯೂ, ಗುಣವಾಚಕದ ಬೆನ್ನಿಗೆ ಅಧೀನವಾಕ್ಯವನ್ನು ಕಟ್ಟಿ ಮುಂಬರುವುದರ ಹೊಣೆಯನ್ನು ಒಬ್ಬನ ಮನಸ್ಸಿಗೆ ಹೊರಿಸಿದ ಬಗೆಯೂ ವಿಚಾರಕ್ಕೆ ಅರ್ಹವಾಗಿವೆ.

ಹಳೆಯ ಇಂಗ್ಲಿಷಿನ ಕ್ರಿಯಾಪದಕ್ಕೆ ಭೂತ, ವರ್ತಮಾನ ಎಂಬ ಎರಡೇ ಕಾಲಗಳಿದ್ದುವು. ಕ್ರಿ. ಶ. ೧೦೦೦ದ ಸುಮಾರಿನಲ್ಲಿ ಏಲ್ಫ್ರಿಕ್ ಎಂಬ ಕ್ರೈಸ್ತ ಸನ್ಯಾಸಿಯು ತನ್ನ ನಾಡಿನ ಬಾಲಕರಿಗಾಗಿ ಲ್ಯಾಟಿನ್ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದನು. ಲ್ಯಾಟಿನ್ನಿನಲ್ಲಿ ‘ನಿಲ್ಲುವೆನು’ ಎಂಬುದಕ್ಕೆ ‘ಸ್ತಾಬೊ’ ಎಂಬ ಒಂದೇ ಪದವುಂಟು. ಅದಕ್ಕೆ ಸಮನಾದ ರೂಪವು ತನ್ನ ಭಾಷೆಯಲ್ಲಿ ದೊರೆಯದಿರಲು, ಅವನು ವರ್ತಮಾನರೂಪವನ್ನೇ ಇಟ್ಟು, ‘ಈಗಲೇ’ ಅಥವಾ ‘ಯಾವಾಗಲಾದರೂ ಒಮ್ಮೆ’ ಎಂಬರ್ಥದ ಮಾತುಗಳನ್ನು ಜತೆಗೂಡಿಸಿ ವಿವರಿಸಿದನು. ಕನ್ನಡಿಗರಿಗೆ ಇದು ವಿಚಿತ್ರವಾಗಿ ತೋರಬೇಕಾದುದಿಲ್ಲ. ೧೩ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಮೂರು ಕಾಲಗಳಿಗೂ ಬೇರೆ ಬೇರೆ ಪ್ರತ್ಯಯಗಳನ್ನು ಹೇಳಿದ್ದರೂ, ಆಡುಮಾತಿನಲ್ಲಿ ‘ನಾಳೆ ಬರುತ್ತಾನೆ’ ಎಂದೇ ಜನರು ಅನ್ನುತ್ತಾರೆ. ‘ನಾಳೆ’ ಎಂಬ ಮಾತೇ ಅಲ್ಲಿ ಕಾಲವನ್ನು ತಿಳಿಸುತ್ತದೆ.

ಮುಂದೆ ಇಂಗ್ಲಿಷರು ಈ ಕೆಲಸಕ್ಕೆ ಎರಡು ಕ್ರಿಯಾಪದಗಳನ್ನು ನೇಮಿಸಿಕೊಂಡರು. ಒಂದು ‘ಶಲ್’. ಇದರ ಮೂಲಾರ್ಥವು ‘ಸಲ್ಲಿಸಬೇಕಾಗಿದೆ’ ಎಂಬುದು. ಸಾಲವನ್ನೂ ಅಪರಾಧವನ್ನೂ ಹೇಳುವ ಜರ್ಮನ್ನರ ‘ಷುಲ್ಡ್’ ಎಂಬ ಪದವು ಇದೇ ಬೇರಿನದು. ಇನ್ನೊಂದು ‘ವಿಲ್’, ಇದಕ್ಕೆ ‘ಬಯಸುತ್ತಾನೆ’ ಎಂದರ್ಥ. ಹೀಗೆ ಋಣವೊಂದು, ಇಚ್ಛೆಯೊಂದು, ಈ ಎರಡರ ಹೆಗಲಮೇಲೆ ಭವಿಷ್ಯವು ಏರಿ ಕುಳಿತಿತು. ೧೪ನೆಯ ಶತಮಾನದ ಕೊನೆಯಲ್ಲಿ ವಿಕ್ಲಿಫನ ಅನುಯಾಯಿಗಳು ಬೈಬಲನ್ನು ಇಂಗ್ಲಿಷಿಗೆ ತಂದಾಗ, ಲ್ಯಾಟಿನ್ನಿನ ಭವಿಷ್ಯದ್ರೂಪಕ್ಕೆ ಸಾಮಾನ್ಯವಾಗಿ ‘ಶಲ್’ ಎಂಬುದನ್ನೇ ಬಳಸಿ, ‘ವಿಲ್’ ಎಂಬುದನ್ನು ಇಚ್ಛಾರ್ಥಕ್ಕೆ ಉಳಿಸಿಕೊಂಡರು.

ಆಕ್ಸ್‌ಫರ್ಡಿನ ಗಣಿತಪ್ರಾಧ್ಯಾಪಕನಾಗಿದ್ದ ಜಾನ್ ವಾಲಿಸನು ೧೬೫೩ರಲ್ಲಿ ಲ್ಯಾಟಿನ್ನಿನಲ್ಲಿ ಪ್ರಕಟಿಸಿದ ಇಂಗ್ಲಿಷ್ ವ್ಯಾಕರಣದಲ್ಲಿ ಇವೆರಡಕ್ಕೂ ಗಡಿಯನ್ನು ಹಾಕಿದನು. ಉತ್ತಮಪುರುಷದಲ್ಲಿ ‘ಶಲ್’ ಎಂದರೆ ಬರಿಯ ಮುನ್ಸೂಚನೆ, ‘ವಿಲ್’ ಎಂದರೆ ವಾಗ್ದಾನ ಅಥವಾ ಬೆದರಿಕೆ. ಮಧ್ಯಮ ಪ್ರಥಮ ಪುರುಷಗಳಲ್ಲಿ ಇದಕ್ಕೆ ವ್ಯತಿರಿಕ್ತ. ಮುಂದಿನ ಶತಮಾನಗಳ ಪಾಠಶಾಲೆಗಳಲ್ಲಿ ಈ ನಿಯಮವು ಬಲವಾಗಿ ನೆಲೆಗೊಂಡಿತು. ನೀರಿನಲ್ಲಿ ಮುಳುಗುತ್ತಿದ್ದ ಪರದೇಶಿಯೊಬ್ಬನು ಈ ಎರಡು ಪದಗಳನ್ನು ಅದಲುಬದಲಾಗಿ ನುಡಿದುದರಿಂದ, ‘ಮುಳುಗಿಯೇ ತೀರುವೆನು, ಯಾರೂ ನನ್ನನ್ನು ಎತ್ತಕೂಡದು’ ಎಂದು ದಡದವರಿಗೆ ಅರ್ಥವಾಗಿ, ಅವರು ಸುಮ್ಮನೆ ನಿಂತರೆಂಬ ಹಾಸ್ಯಕಥೆಯು ಇದರಿಂದಲೇ ಹುಟ್ಟಿತು. ಈಗ ಆ ಗಡಿಯು ಬಹಳಮಟ್ಟಿಗೆ ಅಳಿಸಿಹೋಗಿ, ‘ವಿಲ್’ ಎಲ್ಲ ಪುರುಷಗಳಲ್ಲಿಯೂ ಸಲ್ಲುತ್ತದೆ. ‘ಶಲ್’ ಮುಖ್ಯವಾಗಿ ಶಾಸನಗಳ ಭಾಷೆಯಲ್ಲಿ ತನ್ನ ಹಳೆಯ ಋಣವನ್ನು ಸಲ್ಲಿಸುತ್ತಿದೆ.

ಸಹಾಯಕ ಕ್ರಿಯಾಪದವು ಕಾಲವನ್ನು ತಿಳಿಸಿತಾದರೂ, ಮುಂದಿನದನ್ನು ಯಾರು ಎಷ್ಟು ದೃಢವಾಗಿ ನಂಬಿರುವರೆಂಬುದನ್ನು ತಿಳಿಸಲಿಲ್ಲ. ಆ ಕೆಲಸವನ್ನು ಗುಣವಾಚಕಗಳು ವಹಿಸಿಕೊಂಡುವು. ಅವನ್ನು ಮುಂದಿನ ವಾಕ್ಯಕ್ಕೆ ಬೆಸೆಯುವ ‘ದಟ್’ ಎಂಬುದು ಮೊದಲು ‘ಅದು’ ಎಂದು ಬೆರಳಿಟ್ಟು ತೋರುವ ಸರ್ವನಾಮವಾಗಿದ್ದಿತು. ‘ನನಗೆ ಅದು ನಿಶ್ಚಯ, ಅವನು ಬರುವನು’ ಎಂಬಂತೆ ಬಿಡಿಯಾಗಿ ನಿಂತಿದ್ದ ಎರಡು ಮಾತುಗಳು ಕಾಲಕ್ರಮದಲ್ಲಿ ಒಂದಾಗಿ, ‘ಅದು’ ಎಂಬುದು ತೋರುವ ಕೆಲಸವನ್ನು ಬಿಟ್ಟು ಜೋಡಿಸುವ ಕೆಲಸಕ್ಕೆ ನಿಂತಿತು. ಕನ್ನಡವು ಇದೇ ಸ್ಥಾನದಲ್ಲಿ ‘ಎನ್’ ಧಾತುವಿನಿಂದಾದ ‘ಎಂದು’ ಎಂಬುದನ್ನು ಇಡುತ್ತದೆ. ಒಂದು ಭಾಷೆ ಬೆರಳಿನಿಂದ ತೋರಿ ಜೋಡಿಸಿತು, ಇನ್ನೊಂದು ಬಾಯಿಂದ ಹೇಳಿ ಜೋಡಿಸಿತು.

ಈ ಗುಣವಾಚಕಗಳ ಹಿಂದೆ ಇಂಗ್ಲೆಂಡಿನ ಚರಿತ್ರೆಯೇ ಅಡಗಿದೆ. ‘ಗ್ಲ್ಯಾಡ್’ ಎಂಬುದು ದೇಶ್ಯವಾದುದು. ಅದು ಮೊದಲು ಹೊಳೆಯುವುದೆಂಬ ಅರ್ಥವನ್ನೂ ಉಳ್ಳುದಾಗಿದ್ದಿತು. ‘ಲೈಕ್ಲಿ’ ಎಂಬುದು ಕಡಲನ್ನು ದಾಟಿ ಬಂದು ನೆಲೆಸಿದ ಉತ್ತರದೇಶದವರ ನುಡಿಯಿಂದ ಬಂದುದು. ೧೦೬೬ರಲ್ಲಿ ನಾರ್ಮನ್ನರು ನಾಡನ್ನು ಗೆದ್ದಮೇಲೆ ಫ್ರೆಂಚಿನ ಮೂಲಕ ‘ಸರ್ಟನ್’, ‘ಶೂರ್’ ಎಂಬುವು ಸೇರಿದುವು. ‘ಶೂರ್’ ಎಂಬುದರ ಲ್ಯಾಟಿನ್ ಮೂಲಕ್ಕೆ ‘ಚಿಂತೆಯಿಲ್ಲದ’ ಎಂದರ್ಥ. ‘ನಿಶ್ಚಿಂತ’ ಎಂಬ ಸಂಸ್ಕೃತಪದದ ಕಟ್ಟಡವೂ ಇದೇ. ಹೀಗೆ ಸಂತೋಷ, ಸಂಭವ, ನಿಶ್ಚಯ ಎಂಬ ಭಾವಗಳು ಬೇರೆ ಬೇರೆ ಕಾಲಗಳಲ್ಲಿ ಬೇರೆ ಬೇರೆ ಜನರಿಂದ ಬಂದು ಒಂದೇ ವಾಕ್ಯರಚನೆಗೆ ಒಳಗಾದುವು.

ಈ ರಚನೆಯಲ್ಲಿ ಒಂದು ಸೂಕ್ಷ್ಮವಿದೆ. ‘ಹಿ ಇಸ್ ಶೂರ್ ದಟ್ ಹಿ ವಿಲ್ ವಿನ್’ ಎಂದರೆ, ತಾನು ಗೆಲ್ಲುವೆನೆಂಬ ನಂಬಿಕೆಯು ಅವನಲ್ಲಿದೆ ಎಂದು ಅರ್ಥ. ಹೇಳುವವನು ಅದನ್ನು ನಂಬದೆ ಇರಬಹುದು. ‘ಹಿ ಇಸ್ ಶೂರ್ ಟು ವಿನ್’ ಎಂದರೆ ನಂಬಿಕೆಯು ಹೇಳುವವನದು. ಗೆಲ್ಲಬೇಕಾದವನು ಭಯದಿಂದ ನಡುಗುತ್ತಿದ್ದರೂ ಇರಬಹುದು. ಗುಣವಾಚಕವು ಎರಡರಲ್ಲಿಯೂ ಒಂದೇ, ಕರ್ತೃಪದವೂ ಒಂದೇ. ಅಧೀನವಾಕ್ಯವು ಇದ್ದಾಗ ಮನಸ್ಸಿನ ಒಡೆಯನು ಎದುರಿಗೆ ಕಾಣಿಸುವನು, ಅದು ಕುಗ್ಗಿದಾಗ ಅವನು ತೆರೆಯ ಹಿಂದಕ್ಕೆ ಸರಿಯುವನು. ಸಾಲ ಕೊಡುವವನಿಗೆ ಇದರಲ್ಲಿ ಎಷ್ಟೋ ಅಂತರವುಂಟು. ‘ತೀರಿಸುವೆನೆಂದು ಅವನಿಗೆ ಭರವಸೆಯಿದೆ’ ಎಂದು ಬರೆದ ಮಿತ್ರನು ತಾನಾಗಿ ಯಾವ ಭರವಸೆಯನ್ನೂ ಕೊಟ್ಟಿಲ್ಲ. ‘ಅವನು ತೀರಿಸುವುದು ನಿಶ್ಚಯ’ ಎಂದು ಬರೆದವನು ತನ್ನ ಮಾತನ್ನೇ ಒತ್ತೆಯಿಟ್ಟಿರುವನು.

ಈ ವಿಚಾರವು ನ್ಯಾಯಾಸ್ಥಾನವನ್ನೂ ಮುಟ್ಟಿತು. ಇಂಗ್ಲೆಂಡಿನಲ್ಲಿ ಕಂಪೆನಿಯೊಂದರ ನಿರ್ದೇಶಕರು, ಕಟ್ಟಡಗಳ ಮಾರ್ಪಾಟಿಗೂ ಕುದುರೆ ಗಾಡಿಗಳ ಖರೀದಿಗೂ ವ್ಯಾಪಾರದ ವೃದ್ಧಿಗೂ ಹಣ ಬೇಕಾಗಿದೆಯೆಂದು ಪ್ರಕಟನೆ ಹೊರಡಿಸಿ ಸಾಲವನ್ನೆತ್ತಿದರು. ಅವರ ನಿಜವಾದ ಉದ್ದೇಶವು ಮೇಲೆ ಬಿದ್ದಿದ್ದ ಹಳೆಯ ಬಾಕಿಗಳನ್ನು ತೀರಿಸುವುದಾಗಿದ್ದಿತು. ಹಣಕೊಟ್ಟ ಪಾದ್ರಿಯು ಮೋಸವಾಯಿತೆಂದು ದಾವೆ ಹೂಡಿದನು. ಎಜಿಂಗ್ಟನ್ ವಿರುದ್ಧ ಫಿಟ್ಸ್‌ಮಾರಿಸ್ ಎಂದು ಹೆಸರಾದ ಈ ಮೊಕದ್ದಮೆಯನ್ನು ೧೮೮೫ರಲ್ಲಿ ಅಪೀಲು ನ್ಯಾಯಾಲಯವು ತೀರ್ಮಾನಿಸಿತು. ಮುಂದಿನ ಮಾತು ಸುಳ್ಳೆಂದು ಹೇಗೆ ಹೇಳಬಹುದು ಎಂಬುದು ಪ್ರಶ್ನೆ. ಮನುಷ್ಯನ ಮನಸ್ಸಿನ ಸ್ಥಿತಿಯು ಅವನ ಜೀರ್ಣಶಕ್ತಿಯ ಸ್ಥಿತಿಯಷ್ಟೇ ನಿಜವಾದ ಸಂಗತಿ ಎಂಬ ಭಾವದ ಮಾತನ್ನು ನ್ಯಾಯಾಧೀಶ ಬೋವೆನನು ಆಡಿದನು. ನಿರ್ದೇಶಕರು ಹೊಣೆಗಾರರಾದರು. ಭವಿಷ್ಯವು ಸುಳ್ಳಾಗಲಿ ದಿಟವಾಗಲಿ, ನುಡಿದ ದಿನದ ಉದ್ದೇಶವು ಸುಳ್ಳಾಗಿದ್ದಿತಷ್ಟೆ.

ಭಾರತದೇಶದಲ್ಲಿ ಈ ತತ್ತ್ವವು ಅದಕ್ಕೂ ಮೊದಲೇ ಶಾಸನವಾಗಿದ್ದಿತು. ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನನು ರಚಿಸಿದ ೧೮೭೨ರ ಸಾಕ್ಷ್ಯಶಾಸನವು, ಮನುಷ್ಯನು ತನಗೆ ಅರಿವಿರುವಂತೆ ಹೊಂದಿರುವ ಮನಸ್ಥಿತಿಯನ್ನೂ ‘ಸಂಗತಿ’ ಎಂಬುದರಲ್ಲಿ ಸೇರಿಸಿತು. ಅದರ ಸ್ಥಾನದಲ್ಲಿ ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಈ ಅಂಶವನ್ನು ಉಳಿಸಿಕೊಂಡಿದೆ.

ಆದುದರಿಂದ ಇಂಗ್ಲಿಷಿನಿಂದ ಕನ್ನಡಕ್ಕೆ ಪತ್ರವನ್ನೋ ಕರಾರನ್ನೋ ತಿರುಗಿಸುವವರು, ಗುಣವಾಚಕವು ಯಾರ ಮನಸ್ಸಿಗೆ ಸೇರಿದುದೆಂಬುದನ್ನು ಮೊದಲು ವಿಚಾರಿಸಬೇಕು. ಈ ಕಾರ್ಯಕ್ಕೆ ಕನ್ನಡದಲ್ಲಿ ಒಂದು ಸಾಧನವು ಸಿದ್ಧವಾಗಿದೆ. ಇಂಗ್ಲಿಷಿನ ಅಧೀನವಾಕ್ಯದಲ್ಲಿ ಬರುವ ‘ಹಿ’ ಎಂಬುದು ಮೊದಲಿನವನೋ ಬೇರೊಬ್ಬನೋ ಎಂಬುದು ಪದದಿಂದಲೇ ತಿಳಿಯುವುದಿಲ್ಲ. ಕನ್ನಡದಲ್ಲಿ ‘ತಾನು’ ಎಂದರೆ ನಂಬಿದವನೇ, ‘ಅವನು’ ಎಂದರೆ ಸಾಮಾನ್ಯವಾಗಿ ಇನ್ನೊಬ್ಬನು. ಈ ಎರಡಕ್ಷರದ ಪದವನ್ನು ಸ್ಥಾನವರಿತು ಬಳಸಿದರೆ, ಒಬ್ಬನ ಆಸೆಯು ಮತ್ತೊಬ್ಬನ ಮಾತಾಗಿ ಓದುಗನ ಕೈಸೇರುವ ಅಪಾಯವು ತಪ್ಪುವುದು.