ಉಪವಾಸದ ದಿನದ ಮೀನಿನ ತತ್ತಿ

ಹೋದ ತಿಂಗಳ ನಮ್ಮ ನಾದಿನಿ ಮಗ ದುಬೈದಿಂದ ಬಂದಾಗ ಅಂಗೈಯಾಗ ಹಿಡಿಯೋವಷ್ಟು ಸಣ್ಣ ಡಬ್ಬಿ ತಂದಿದ್ದ. ಒಳಗ 30 ಗ್ರಾಂ ಕ್ಯಾವಿಯರ್. ಮುಚ್ಚಳ ತಗದ ಕೂಡ್ಲೆ ನಮ್ಮ ನೆಗೆಣ್ಣಿ "ಇದೇನ ಅಕ್ಕಾ, ನೆನಸಿಟ್ಟ ಸಾಸಿವಿ ಇದ್ದಂಗ ಐತಲ್ಲ" ಅಂದಳು. ಓಣ್ಯಾಗ ಸುದ್ದಿ ಹಬ್ಬಿತು ನೋಡ್ರಿ, ಕಂಡವರೆಲ್ಲಾ ಎರಡ ಮಾತು ಕೇಳಾಕ ಹತ್ತಿದ್ರು. ಅದು ಏನು? ರುಚಿ ಐತೋ ಇಲ್ಲೋ? ಒಬ್ಬೊಬ್ಬರಿಗೆ ಹೇಳೂದಕ್ಕಿಂತ ಬರದ ಬಿಡೂಣು ಅಂತ ಕುಂತೆ. ಬರಿಯಾಕಂತ ಓದಿದ್ರ ರುಚಿಗಿಂತ ಅದರ ಹಿಂದಿನ ಕಥಿನ ದೊಡ್ಡದು.

ಕ್ಯಾವಿಯರ್ ಅಂದ್ರ ಉಪ್ಪು ಹಾಕಿದ ಮೀನಿನ ತತ್ತಿ. ಎಲ್ಲಾ ಮೀನಿಂದಲ್ಲ, ಸ್ಟರ್ಜನ್ ಅನ್ನೋ ಮೀನಿಂದು. ನನ್ನ ತವರುಮನಿ ಕಾರವಾರದ ಕಡೆ ಮೀನಿನ ತತ್ತಿಗೆ ಗಾಬೋಳಿ ಅಂತಾರ. ಖಾರ, ಅರಿಶಿಣ, ಹುಳಿ ಹಚ್ಚಿ ರವಾದಾಗ ಹೊರಳಿಸಿ ಕರೀತೇವಿ. ಕ್ಯಾವಿಯರಿಗೆ ಬೆಂಕಿ ತೋರಸೂದಿಲ್ಲ. ಹೆಣ್ಣು ಮೀನಿನ ಹೊಟ್ಟಿಯಿಂದ ತತ್ತಿ ತಗದು, ಜಾಳಿಗಿ ಮ್ಯಾಲೆ ಕೈಲೆ ಮೆಲ್ಲಗ ಆಡಿಸಿ ತೆಳ್ಳನ ಪೊರೆ ಬಿಡಿಸಿ, ತಣ್ಣೀರಾಗ ತೊಳೆದು, ಉಪ್ಪು ಕಲಸಿ ಡಬ್ಬಿಗೆ ತುಂಬೂದು, ಅಷ್ಟ. ಉಪ್ಪು ಕಡಿಮಿ ಇದ್ದದ್ದು ಚಲೋ ಮಾಲು ಅಂತ ಲೆಕ್ಕ. ಅದಕ್ಕ ರಷ್ಯಾದವರು 'ಮಾಲೊಸೋಲ್' ಅಂತಾರ, ಅಂದ್ರ ಕಡಿಮಿ ಉಪ್ಪಿಂದು.

ಈ ಸ್ಟರ್ಜನ್ ನಮ್ಮ ನದಿ ಸಮುದ್ರದಾಗ ಇಲ್ಲ. ಡೈನೋಸಾರ್ ಇದ್ದ ಕಾಲದಿಂದ ಬಂದ ಜಾತಿ ಅದು. ಮೈಮ್ಯಾಲೆ ಸಾಲಾಗಿ ಎಲುಬಿನ ಬಿಲ್ಲೆ, ಬಾಯಾಗ ಹಲ್ಲಿಲ್ಲ, ಮೂತಿ ಕೆಳಗ ಮೀಸಿ. ಅದರಾಗ ದೊಡ್ಡದು ಬೆಲುಗಾ. 1000 ಕಿಲೋಕ್ಕಿಂತ ಹೆಚ್ಚಿಗಿ ತೂಗಿದ ಬೆಲುಗಾ ಸಿಕ್ಕಾವ, ನೂರು ವರ್ಷ ಬದುಕಬಲ್ಲ ಮೀನದು. ಕ್ಯಾಸ್ಪಿಯನ್ ಸಮುದ್ರದಾಗ ಬೆಳೆದು, ತತ್ತಿ ಇಡಾಕ ವೋಲ್ಗಾ ನದಿ ಏರಿ ಹೋಗ್ತಿತ್ತು. ಹೆಣ್ಣು ಬೆಲುಗಾ ಮೊದಲನೇ ಸಲ ತತ್ತಿ ಇಡಾಕ 15ರಿಂದ 20 ವರ್ಷ ಬೇಕು. ಈ ಲೆಕ್ಕ ನೆನಪಿಟ್ಟುಕೊಳ್ರಿ, ಮುಂದ ಬೇಕಾಗತೈತಿ.

ಕ್ಯಾವಿಯರ್ ಅನ್ನೋ ಶಬ್ದ ರಷ್ಯಾದ್ದಲ್ಲ, ಪಾರ್ಸಿ, ತುರ್ಕಿ ಕಡೆಯಿಂದ ಬಂದದ್ದು. ಪಾರ್ಸಿಯಾಗ 'ಖಾಯ' ಅಂದ್ರ ತತ್ತಿ. ರಷ್ಯಾದವರು ಇದಕ್ಕ 'ಇಕ್ರಾ' ಅಂತಾರ. ಅಲ್ಲಿಯ ಆರ್ಥಡಾಕ್ಸ್ ಕ್ರೈಸ್ತರಿಗೆ ವರ್ಷದಾಗ ಉಪವಾಸದ ದಿನ ಬಾಳ. ಮಾಂಸ ಇಲ್ಲ, ಹಾಲಿಲ್ಲ, ಬೆಣ್ಣಿ ಇಲ್ಲ. ಈಸ್ಟರಿಗಿಂತ ಮೊದಲಿನ ದೊಡ್ಡ ಉಪವಾಸದಾಗ ಲಾಜರಸ್ ಶನಿವಾರ ಅಂತ ಒಂದು ದಿನ ಬರತೈತಿ, ಆವತ್ತು ಮೀನು ತಿನ್ನಂಗಿಲ್ಲ ಆದ್ರ ಮೀನಿನ ತತ್ತಿ ತಿನ್ನಬಹುದು! ಓದಿ ನಕ್ಕೆ. ನಾವು ಏಕಾದಶಿಗೆ ಅನ್ನ ಬಿಟ್ಟು ಸಾಬೂದಾಣಿ ಖಿಚಡಿ ಹೊಡಿಯೂದಿಲ್ಲೇನು, ಎಲ್ಲಾ ಕಡೆ ಅಡಗಿ ಮಾಡಾಕಿ ಒಂದ ದಾರಿ ಹುಡುಕಿರತಾಳ. ಆಗ ವೋಲ್ಗಾ ದಂಡಿ ಮ್ಯಾಲಿನ ಮೀನುಗಾರರ ಮನಿಯಾಗೂ ಇದು ಊಟದ ಪದಾರ್ಥನ ಆಗಿತ್ತು, ಬರೇ ರಾಜರದ್ದಲ್ಲ.

ದೂರದೂರಿಗೆ ಕಳಿಸೂದು ತ್ರಾಸಿತ್ತು, ಕೆಡ್ತಿತ್ತಲ್ಲ. 18ನೇ ಶತಮಾನದ ಕೊನಿಗೆ ಇಯೋನಿಸ್ ವರ್ವಾಕಿಸ್ ಅನ್ನೋ ಗ್ರೀಕ ಮನಷ್ಯಾಗ ರಷ್ಯಾದ ರಾಣಿ ಕ್ಯಾಥರೀನ್ ಕ್ಯಾಸ್ಪಿಯನ್ನಿನಾಗ ಮೀನು ಹಿಡಿಯೋ ಹಕ್ಕು ಕೊಟ್ಟಳು. ಅವ ಲಿಂಡನ್ ಗಿಡದ ಕಟ್ಟಿಗಿ ಪೀಪಾಯಿಯಾಗ ತುಂಬಿ ಹೊರದೇಶಕ್ಕ ಕಳಿಸಿ ಕೋಟ್ಯಾಧೀಶ ಆದ.

ಆದ್ರ ನನಗ ಬಾಳ ಸೇರಿದ್ದು ಅಮೆರಿಕಾದ ಕಥಿ. ಅಲ್ಲಿಯ ಹಡ್ಸನ್, ಡೆಲವೇರ್ ನದ್ಯಾಗ ಸ್ಟರ್ಜನ್ ಎಷ್ಟಿದ್ದವಂದ್ರ ಅದರ ಮಾಂಸಕ್ಕ 'ಆಲ್ಬನಿ ದನದ ಮಾಂಸ' ಅಂತ ಚಾಷ್ಟಿ ಮಾಡ್ತಿದ್ರು. 1873ರಾಗ ಹೆನ್ರಿ ಶಾಕ್ಟ್ ಅನ್ನೋ ಜರ್ಮನ್ ವಲಸಿಗ ಡೆಲವೇರ್ ದಂಡಿಗೆ ಕ್ಯಾವಿಯರ್ ಧಂದೆ ಸುರು ಮಾಡಿದ. ಕ್ಯಾವಿಯರ್ ಅಂತನ ಹೆಸರಿನ ಊರೂ ನ್ಯೂಜೆರ್ಸಿಯಾಗ ಹುಟ್ಟಿತು. ಆಗ ಬೀರ್ ಮಾರೋ ಅಂಗಡಿಯಾಗ ಇದನ್ನ ಪುಕಟ ಇಡ್ತಿದ್ರು, ಉಪ್ಪು ತಿಂದು ನೀರಡಿಕಿ ಆಗಿ ಮಂದಿ ಮತ್ತೊಂದು ಗ್ಲಾಸ್ ಕುಡೀಲಿ ಅಂತ. ನಮ್ಮಲ್ಲಿ ಶೇಂಗಾ ಇಟ್ಟಂಗ. ಆಗೇನು ಯಾರೂ ಇದನ್ನ ಮುತ್ತಿನ ಚಿಪ್ಪಿನ ಚಮಚದಾಗ ತಿನ್ನಲಿಲ್ಲ. ಮೂವತ್ತು ವರ್ಷದಾಗ ನದಿ ಖಾಲಿ ಆತು. ಮೀನು ಮುಗಿದ ಮ್ಯಾಲೆ ಅದ ತತ್ತಿ ಶ್ರೀಮಂತರ ತಾಟಿಗೆ ಹೋತು. ತುಟ್ಟಿ ಆಗೂದು ರುಚಿಯಿಂದಲ್ಲ ಅಂತ ನಾ ಅನ್ನೂದು ಇದಕ್ಕ.

ಇರಾನಿನಾಗ ಬ್ಯಾರೆ ಪಂಚಾಯ್ತಿ. ಶಿಯಾ ಪಂಥದವರು ಹುರುಪೆ ಇದ್ದ ಮೀನು ಮಾತ್ರ ತಿನ್ನಬೇಕು. ನಾವು ಮೀನು ಹೆಚ್ಚೂಮುಂದ ಕೆರೆದು ತಗೀತೇವಲ್ಲ, ಅದು. ಸ್ಟರ್ಜನ್ನಿಗೆ ಹುರುಪೆ ಇಲ್ಲಂತ ಅದು ನಿಷೇಧ. ದೇಶ ತುಂಬ ಕ್ಯಾವಿಯರ್, ಹೊರಗ ಮಾರಾಕ ಮಾತ್ರ! 1983ರಾಗ ಅದರ ಬಾಲದ ಹತ್ರ ಹುರುಪೆ ಅದಾವ ಅಂತ ಜಾಣರು ತೋರಿಸಿಕೊಟ್ಟು, ಖೊಮೇನಿಯವರು ತಿನ್ನಬಹುದು ಅಂದ್ರು.

ಇನ್ನ ವೋಲ್ಗಾ ಕಡೆ ಬರೂಣು. 1960ರ ಸುಮಾರಿಗೆ ವೋಲ್ಗೋಗ್ರಾದಿನಾಗ ದೊಡ್ಡ ಆಣೆಕಟ್ಟು ಎದ್ದು, ತತ್ತಿ ಇಡಾಕ ಏರಿ ಹೋಗೋ ಬೆಲುಗಾದ ಹಾದಿ ಬಂದ್ ಆತು. ಒಂದ ಲೆಕ್ಕದಾಗ ತವರಿಗೆ ಹೋಗೋ ಹಾದಿ. 1991ರಾಗ ಸೋವಿಯತ್ ಒಕ್ಕೂಟ ಒಡದ ಮ್ಯಾಲೆ ಹೇಳೋರು ಕೇಳೋರು ಇಲ್ಲದಂಗಾಗಿ ಕಳ್ಳತನದಿಂದ ಹಿಡಿಯೂದು ವಿಪರೀತ ಆತು. ಮತ್ತ ತತ್ತಿ ಬೇಕಂದ್ರ ಹೆಣ್ಣು ಮೀನ ಬೇಕು, ಅದೂ ತತ್ತಿ ಇಡೂಕಿಂತ ಮೊದಲ. ಹದಿನೈದು ಇಪ್ಪತ್ತು ವರ್ಷ ಕಾದು ಬಸರಾದ ಮೀನು, ಒಂದ ಸಲನೂ ಮರಿ ಕಾಣದ ಕತ್ತಿಗೆ ಸಿಗತೈತಿ. ನಮ್ಮವ್ವ ಗಾಬೋಳಿ ತುಂಬಿದ ಮೀನು ತಂದಾಗ ನಾವೂ ಖುಷಿಪಟ್ಟವರ, ಸುಳ್ಳ್ಯಾಕ ಹೇಳ್ಲಿ. ಆದ್ರ ಸಣ್ಣ ಮೀನು ಒಂದೆರಡು ವರ್ಷಕ್ಕ ಮತ್ತ ತತ್ತಿಗೆ ಬರತೈತಿ. ಬೆಲುಗಾಕ್ಕ ಹಂಗಿಲ್ಲ. ಇಪ್ಪತ್ತು ವರ್ಷದ ತಡ ತುಂಬೂದು ಹ್ಯಾಂಗ?

1998ರಿಂದ ಎಲ್ಲಾ ಜಾತಿ ಸ್ಟರ್ಜನ್ನಿನ ವ್ಯಾಪಾರಕ್ಕೂ ಸೈಟಿಸ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದದ ಕಡಿವಾಣ ಬಿತ್ತು. 2005ರಾಗ ಅಮೆರಿಕಾ ಬೆಲುಗಾ ಕ್ಯಾವಿಯರ್ ತರಿಸೂದ ನಿಲ್ಲಿಸಿತು. ಆದ್ರೂ 2022ರಾಗ ಐಯುಸಿಎನ್ ಹೇಳಿದ್ದು, ಉಳಿದ 26 ಜಾತಿ ಅಷ್ಟೂ ಅಳಿವಿನ ಅಂಚಿನ ಪಟ್ಟಿಯಾಗ ಅದಾವ ಅಂತ. ಈಗ ಪ್ಯಾಟಿಯಾಗ ಸಿಗೂದು ಬಹುತೇಕ ಸಾಕಿದ ಮೀನಿಂದು. ಹೆಚ್ಚಿಗಿ ಚೀನಾದಾಗ ಬೆಳೀತಾರ. ನಮ್ಮ ಡಬ್ಬಿ ತಿರುವಿ ಓದಿದೆ, ಅದೂ ಚೀನಾದ್ದ, ಸಾಕಿದ್ದ. ಆಮ್ಯಾಲೆ ಬಾಯಿಗೆ ಹಾಕೂಕ ಮನಸಾತು.

ಬೆಳ್ಳಿ ಚಮಚದಾಗ ತಿಂದ್ರ ಲೋಹದ ವಾಸನಿ ಹತ್ತತೈತಿ ಅಂತ ಮುತ್ತಿನ ಚಿಪ್ಪಿನ ಚಮಚ ಬಳಸ್ತಾರಂತ. ನಾವು ಐಸ್‌ಕ್ರೀಮಿನ ಕಟ್ಟಿಗಿ ಚಮಚ ತಗೊಂಡ್ವಿ. ನಾಲಿಗಿ ಮ್ಯಾಲೆ ಇಟ್ಟು ಅಂಗಳಕ್ಕ ಒತ್ತಿದ್ರ ಕಾಳು ಪಟ್ಟಂತ ಒಡೀತಾವ. ಮೊದಲು ಉಪ್ಪು, ಹಿಂದಿಂದ ಬೆಣ್ಣಿಯಂಥಾ ಜಿಡ್ಡು, ಕೊನಿಗೆ ಸಮುದ್ರದ ಗಾಳಿ ಕುಡದಂಗ. ನಾನಂದುಕೊಂಡಷ್ಟು ಮೀನಿನ ನಾತ ಇಲ್ಲ. ರುಚಿ ಐತಿ, ಇಲ್ಲಂತಿಲ್ಲ. ಮತ್ತ ಮತ್ತ ಬೇಕನ್ನಿಸೂವಂಥಾ ರುಚಿ ಅಲ್ಲ, ನನಗಂತೂ. ನೆಗೆಣ್ಣಿ ಬಿಸಿ ಅನ್ನಕ್ಕ ಹಾಕ್ಕೊಂಡು ತಿಂದಳು, ಆಕಿಗೆ ಸೇರಿತು. ನಮ್ಮ ಅತ್ತಿ ನಾಕ ಕಾಳು ಬಾಯಾಗ ಹಾಕ್ಕೊಂಡು "ಉಪ್ಪು ಹೆಚ್ಚಾಗೇತಿ" ಅಂದ್ರು. ಕಡಿಮಿ ಉಪ್ಪಿಂದಂತ ಡಬ್ಬಿ ಮ್ಯಾಲೆ ಬರದಿದ್ದನ್ನ ನಾ ಅವರಿಗೆ ಹೇಳಲಿಲ್ಲ.

ಹೋಗೂಮುಂದ ಹುಡುಗ ಕೇಳಿದ, "ಅತ್ತಿ, ಮುಂದಿನ ಸಲ ಇನ್ನೊಂದು ತರ್ಲೇನು?" ಅಂತ. ಬ್ಯಾಡಪಾ, ಖಜೂರಿ ತಗೊಂಬಾ ಅಂದೆ.