ರಿವಾಲ್ವರಿನ ಗುಂಡಿನ ಆಯ್ಕೆ: ಒಂದು ಐತಿಹಾಸಿಕ ವಿವೇಚನೆ

ಮನೆಯ ರಕ್ಷಣೆಗೆಂದು ರಿವಾಲ್ವರನ್ನು ಇಟ್ಟುಕೊಳ್ಳುವ ರೂಢಿ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಬಹುಕಾಲದಿಂದಲೂ ಇದೆ. ಅದರಲ್ಲಿ ಎಂತಹ ಗುಂಡನ್ನು ತುಂಬಬೇಕೆಂಬ ಚರ್ಚೆಯೂ ಹಳೆಯದೇ. ಆದರೆ ಈ ಚರ್ಚೆಯಲ್ಲಿ ಬಳಕೆಯಾಗುವ ವಾದಗಳು ಬಹುಮಟ್ಟಿಗೆ ಹುಟ್ಟಿದುದು ಮನೆಯಲ್ಲಲ್ಲ, ಯುದ್ಧಭೂಮಿಯಲ್ಲಿ. ಅವು ಎಷ್ಟರಮಟ್ಟಿಗೆ ಪ್ರಮಾಣಬದ್ಧವೆಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

1873ರಲ್ಲಿ ಅಮೆರಿಕದ ಸೈನ್ಯವು 0.45 ಅಂಗುಲದ ಕೋಲ್ಟ್ ರಿವಾಲ್ವರನ್ನು ಸ್ವೀಕರಿಸಿತ್ತು. 1892ರಲ್ಲಿ ಅದಕ್ಕೆ ಬದಲಾಗಿ 0.38 ಅಂಗುಲದ ಹಗುರವಾದ ರಿವಾಲ್ವರು ಬಂದಿತು. 1899ರಲ್ಲಿ ಫಿಲಿಪ್ಪೀನ್ಸ್ ಯುದ್ಧವು ಆರಂಭವಾದ ಮೇಲೆ, ಗುಂಡು ತಗುಲಿದರೂ ಎದುರಾಳಿಯು ನಿಲ್ಲದೆ ಮುನ್ನುಗ್ಗುತ್ತಾನೆಂಬ ದೂರುಗಳು ಕೇಳಿಬಂದುವು. ಇದರ ಫಲವಾಗಿ 1904ರಲ್ಲಿ ಶಸ್ತ್ರಾಸ್ತ್ರ ವಿಭಾಗದ ಜಾನ್ ಥಾಂಪ್ಸನ್ ಮತ್ತು ವೈದ್ಯ ವಿಭಾಗದ ಲೂಯಿ ಲಗಾರ್ಡ್ ಎಂಬ ಅಧಿಕಾರಿಗಳು ಪರೀಕ್ಷೆಗೆ ನಿಯುಕ್ತರಾದರು. ಷಿಕಾಗೋ ನಗರದ ಕಸಾಯಿಖಾನೆಯಲ್ಲಿ ಜೀವಂತ ದನಗಳ ಮೇಲೂ, ಬೇರೆಡೆ ಮನುಷ್ಯರ ಶವಗಳ ಮೇಲೂ ವಿವಿಧ ಗುಂಡುಗಳನ್ನು ಹಾರಿಸಿ ನೋಡಲಾಯಿತು. ತೂಗುಹಾಕಿದ ಶವವು ಗುಂಡಿನ ಪೆಟ್ಟಿಗೆ ಎಷ್ಟು ಓಲಾಡಿತೆಂಬುದನ್ನೂ ಅಂದಾಜು ಮಾಡಿದರು. ದನಗಳ ಸಂಖ್ಯೆ ಸ್ವಲ್ಪ. ನಡುವೆ ವಿಧಾನವೂ ಬದಲಾಯಿತು. ಆದುದರಿಂದ ಒಂದು ಗುಂಡನ್ನು ಮತ್ತೊಂದರೊಡನೆ ಕಟ್ಟುನಿಟ್ಟಾಗಿ ಹೋಲಿಸಲು ಈ ಪರೀಕ್ಷೆಯಿಂದ ಸಾಧ್ಯವಿರಲಿಲ್ಲ. ಆದರೂ ಸೈನ್ಯದ ಗುಂಡು 0.45 ಅಂಗುಲಕ್ಕೆ ಕಡಮೆಯಿರಬಾರದೆಂದು ಮಂಡಲಿಯು ತೀರ್ಮಾನಿಸಿತು. 1911ರಲ್ಲಿ ಸೈನ್ಯವು ಅದೇ ಅಳತೆಯ ಪಿಸ್ತೂಲನ್ನು ಸ್ವೀಕರಿಸಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಈ ಬದಲಾವಣೆಗೆ ಕಾರಣವಾಗಿ, ಹತ್ತಿರದಿಂದ ನಾಲ್ಕು ಗುಂಡು ತಗುಲಿದರೂ ಬೀಳದೆ, ಕಡೆಗೆ ಬಂದೂಕಿನ ಹಿಡಿಯ ಪೆಟ್ಟಿನಿಂದ ನೆಲಕ್ಕುರುಳಿದ ಸೆರೆಯಾಳೊಬ್ಬನ ಕಥೆಯನ್ನು ಮತ್ತೆ ಮತ್ತೆ ಹೇಳುವುದುಂಟು. ಇದನ್ನು ದಾಖಲಿಸಿದವನು ಲಗಾರ್ಡನೇ. ಆದರೆ ಘಟನೆ ನಡೆದುದು 1905ರ ಅಕ್ಟೋಬರಿನಲ್ಲಿ, ಎಂದರೆ ಪರೀಕ್ಷೆಯ ಮರುವರ್ಷ. ಸ್ಥಳವೂ ಸಮಾರ್ ದ್ವೀಪ. ಕಥೆಗಳಲ್ಲಿ ಹೆಸರಾದ ಮೋರೋ ಜನರ ದಕ್ಷಿಣ ಪ್ರಾಂತವಲ್ಲ. ಕಾರ್ಯಕ್ಕಿಂತ ಅನಂತರದ ಘಟನೆಯು ಅದಕ್ಕೆ ಕಾರಣವಾಗಲಾರದೆಂಬುದನ್ನು ವಿವರಿಸಬೇಕಾಗಿಲ್ಲ.

ಗುಂಡಿನ ಗಾತ್ರದಂತೆ ಅದರ ಆಕಾರದ ಚರಿತ್ರೆಯೂ ಇದೆ. ಕಲ್ಕತ್ತೆಯ ಬಳಿಯ ಡಮ್‌ಡಮ್ ಕಾರ್ಖಾನೆಯಲ್ಲಿ 1890ರ ದಶಕದಲ್ಲಿ ತಯಾರಾದ ರೈಫಲ್ ಗುಂಡು ದೇಹದೊಳಗೆ ಅರಳುವಂತಹದು. ಬ್ರಿಟಿಷರು 1898ರಲ್ಲಿ 0.455 ಅಂಗುಲದ ವೆಬ್ಲಿ ರಿವಾಲ್ವರಿಗೂ ತುದಿಯಲ್ಲಿ ಕುಳಿಯಿರುವ ಗುಂಡನ್ನು ರೂಪಿಸಿದರು. 1899ರ ಹೇಗ್ ಘೋಷಣೆಯು ಇಂತಹ ಗುಂಡುಗಳನ್ನು ನಿಷೇಧಿಸಿತು. ಆದರೆ ಆ ನಿಷೇಧವು ಒಪ್ಪಂದಕ್ಕೆ ಸೇರಿದ ರಾಷ್ಟ್ರಗಳ ನಡುವಣ ಯುದ್ಧಕ್ಕೆ ಮಾತ್ರ ಅನ್ವಯಿಸುತ್ತಿದ್ದಿತು. ಪೋಲೀಸರಿಗಾಗಲಿ ಗೃಹಸ್ಥರಿಗಾಗಲಿ ಅಲ್ಲ. ರಣರಂಗದಲ್ಲಿ ಕ್ರೂರವೆನಿಸಿದ ಗುಂಡು ಮನೆಯಲ್ಲಿ ನ್ಯಾಯಸಮ್ಮತವಾಗಿ ಉಳಿದುದು ಹೀಗೆ.

ಅದಕ್ಕೆ ಕಾರಣವೂ ಇಲ್ಲದಿಲ್ಲ. ಅಮೆರಿಕದ ಪೋಲೀಸರು ದೀರ್ಘಕಾಲ ಬಳಸಿದ 0.38 ಸ್ಪೆಷಲ್ ರಿವಾಲ್ವರಿನ 158 ಗ್ರೇನ್ ತೂಕದ ದುಂಡುಮೂತಿಯ ಸೀಸದ ಗುಂಡು ದೇಹವನ್ನು ತೂರಿ ಆಚೆಗೆ ಹೋಗಬಹುದಾಗಿದ್ದಿತು. ಮನೆಯೊಳಗೆ ‘ಆಚೆ’ ಎಂದರೆ ಪಕ್ಕದ ಕೋಣೆ. ಅಲ್ಲಿ ಮಲಗಿರುವ ಮಗು. 1970ರ ದಶಕದಲ್ಲಿ ಅದೇ ತೂಕದ, ತುದಿಯಲ್ಲಿ ಕುಳಿಯುಳ್ಳ ಮೆದು ಸೀಸದ ಗುಂಡು ಬಳಕೆಗೆ ಬಂದಿತು. ಆದರೆ ಬೇಗ ಅರಳುವ ಗುಂಡು ಬೇಗ ನಿಲ್ಲಲೂಬಹುದು. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ನಡೆದ ಕಾಳಗದಲ್ಲಿ ಪಿಸ್ತೂಲಿನ ಗುಂಡೊಂದು ಅಪರಾಧಿಯ ಹೃದಯವನ್ನು ಮುಟ್ಟುವ ಮುನ್ನವೇ ನಿಂತಿತು. ಅಂದು ಕೇಂದ್ರ ತನಿಖಾ ಇಲಾಖೆಯ ಇಬ್ಬರು ಹತರಾದರು. ಅನಂತರ ಆ ಇಲಾಖೆಯು, ಗುಂಡು ಕನಿಷ್ಠ 12 ಅಂಗುಲ ಒಳಹೊಗಬೇಕೆಂದು ಗೊತ್ತುಮಾಡಿ, ಮಾಂಸದ ಬದಲಿಗೆ ಜೆಲಟಿನ್ ಅಚ್ಚುಗಳಲ್ಲಿ ಪರೀಕ್ಷಿಸುವ ಪದ್ಧತಿಯನ್ನು ಸ್ಥಿರಪಡಿಸಿತು. ಓಲಾಡುವ ಶವದ ಅಂದಾಜಿಗೆ ಬದಲಾಗಿ ಅಳೆಯಬಹುದಾದ ಪ್ರಮಾಣವು ದೊರೆತುದು ಹೀಗೆ, ಸುಮಾರು 80 ವರ್ಷಗಳ ಮೇಲೆ.

1904ರ ಮಂಡಲಿಯು ಮತ್ತೊಂದು ಮಾತನ್ನೂ ಹೇಳಿದ್ದಿತು. ದೇಹದ ಬಹುಭಾಗಗಳಿಗೆ ಗುಂಡು ತಗುಲಿದರೂ ಎದುರಾಳಿಯು ಕೂಡಲೆ ನಿಲ್ಲುವನೆಂದು ನಂಬುವಂತಿಲ್ಲ. ಆದುದರಿಂದ ಸೈನಿಕರಿಗೆ ಗುರಿಯ ಅಭ್ಯಾಸವನ್ನು ಎಡೆಬಿಡದೆ ಮಾಡಿಸಬೇಕು ಎಂಬುದೇ ಆ ಮಾತು. 0.45 ಎಂಬ ಸಂಖ್ಯೆಯು ಜನರ ನೆನಪಿನಲ್ಲಿ ಉಳಿಯಿತು. ಈ ಸಲಹೆಯು ಮರೆಯಾಯಿತು. ಕೊಳ್ಳಬಹುದಾದುದನ್ನು ನೆನೆದು, ಕಲಿಯಬೇಕಾದುದನ್ನು ಮರೆಯುವುದು ಮನುಷ್ಯಸ್ವಭಾವವಿರಬಹುದು. ಆದರೆ ಚರಿತ್ರೆಯ ವಿದ್ಯಾರ್ಥಿಗಳಾದ ನಾವು ವರದಿಯ ಎರಡು ಭಾಗಗಳನ್ನೂ ಓದಬೇಕಾಗಿದೆ.