ಬರನಿಯ ಬೈಗುಳದಲ್ಲಿ ಉಳಿದ ಹೆಸರುಗಳು

ಗುಲಾಮಿ, ಖಿಲ್ಜಿ, ತುಘಲಕ್, ಸಯ್ಯದ್, ಲೋದಿ. ದಿಲ್ಲಿಯ ಈ ಐದು ಸಂತತಿಗಳನ್ನು ನಾವೆಲ್ಲ ಮಗ್ಗಿ ಥರ ಉರು ಹೊಡೆದವರೇ. 1206ರಿಂದ 1526ರವರೆಗಿನ 320 ವರ್ಷ ಅಷ್ಟರಲ್ಲೇ ಮುಗಿದುಹೋಗುತ್ತದೆ. ಅದನ್ನು ಕೆಲವರು ಹಿಂದೂಗಳ ಕತ್ತಲೆಯ ಕಾಲ ಅಂತಾರೆ. ಇನ್ನು ಕೆಲವರು ಇಸ್ಲಾಂ ಸಮಾನತೆ ತಂದ ಕಾಲ ಅಂತಾರೆ. ನನ್ನ ಪ್ರಶ್ನೆ ಬೇರೆ. ಸಿಂಹಾಸನ ಕೈ ಬದಲಾದಾಗ ನೇಕಾರನ, ಕ್ಷೌರಿಕನ, ತೋಟದವನ ಪಾಡು ಬದಲಾಯಿತೆ?

ಗುಲಾಮಿ ಸಂತತಿ ಎಂಬ ಹೆಸರು ಕೇಳಿ ನಾವು ಹಿಗ್ಗಬೇಕಾಗಿಲ್ಲ. ಐಬಕ್, ಇಲ್ತಮಿಷ್, ಬಲ್ಬನ್ ದುಡ್ಡಿಗೆ ಮಾರಾಟವಾದವರೇ ಹೌದು. ಆದರೆ ಅವರು ಕತ್ತಿ ಹಿಡಿಯಲು ತಯಾರಾದ ತುರ್ಕಿ ಗುಲಾಮರು; ಚರ್ಮ ಹದ ಮಾಡಿದವರಲ್ಲ. ಅದೇ ಬಲ್ಬನ್ 1266ರಲ್ಲಿ ಸುಲ್ತಾನನಾದ ಮೇಲೆ, ಕೀಳು ಕುಲದವರಿಗೆ ಅಧಿಕಾರ ಕೊಡಲಾರೆ ಅಂದ.

ಇದನ್ನು ಮೆಚ್ಚಿ ಬರೆದಿಟ್ಟವನು ಜಿಯಾವುದ್ದೀನ್ ಬರನಿ. ಮುಹಮ್ಮದ್ ತುಘಲಕನ ಆಸ್ಥಾನದಲ್ಲಿ 17 ವರ್ಷ ಇದ್ದು, 1357ರಲ್ಲಿ ತನ್ನ ಚರಿತ್ರೆ ಮುಗಿಸಿದವನು. ಕೀಳು ಕುಲದವರಿಗೆ ಓದುಬರಹ ಕಲಿಸಕೂಡದು ಅಂತ ಫತಾವಾ-ಇ-ಜಹಾಂದಾರಿಯಲ್ಲಿ ಬರೆದವನೂ ಇವನೇ. ಶಂಬೂಕನ ಕತೆ ಬಲ್ಲ ನಮಗೆ ಈ ಭಯ ಹೊಸದೇನಲ್ಲ. ಧರ್ಮ ಬೇರೆ, ಮೇಲುಕುಲದ ಕಣ್ಣು ಒಂದೇ.

ಬರನಿಯ ಹೊಟ್ಟೆ ಉರಿಸಿದ್ದು ಮುಹಮ್ಮದ್ ತುಘಲಕ್ (1325–51) ಮಾಡಿದ ನೇಮಕಗಳು. ಹೆಂಡದ ಕಸುಬಿನ ಅಜೀಜ್ ಖಮ್ಮಾರ್, ಹಾಡುಗಾರ ನಜಬಾ, ತೋಟದ ಪೀರಾ ಮಾಲಿ, ಜತೆಗೆ ಒಬ್ಬ ಕ್ಷೌರಿಕ, ಒಬ್ಬ ಅಡಿಗೆಯವ, ಒಬ್ಬ ನೇಕಾರನ ಮಗ. ಇವರನ್ನೆಲ್ಲ ಹೆಸರು ಹಿಡಿದು ಬೈಯುತ್ತಾನೆ. ಬೈದದ್ದರಿಂದಲೇ ಈ ಹೆಸರುಗಳು ನಮಗೆ ಸಿಕ್ಕವು.

ಅಜೀಜನನ್ನು ನಾಯಕ ಮಾಡುವ ಆಸೆ ನನಗಿಲ್ಲ. ಮಾಳವದ ಧಾರದಲ್ಲಿ ಅವನು 80ಕ್ಕೂ ಹೆಚ್ಚು ಅಮೀರರನ್ನು ಕೊಲ್ಲಿಸಿದ. ಅದರ ಕಿಚ್ಚು ಗುಜರಾತಿಗೆ, ದಖ್ಖನ್ನಿಗೆ ಹಬ್ಬಿತು. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ, ನಮ್ಮ ಕಲಬುರಗಿ ಅದರ ರಾಜಧಾನಿಯಾಯಿತು. ಬರನಿ ಮಾತ್ರ ಅಜೀಜನ ಕ್ರೌರ್ಯಕ್ಕೆ ಅವನ ಹುಟ್ಟನ್ನೇ ಕಾರಣ ಮಾಡುತ್ತಾನೆ. ಬಂಗಾಳದ ದಂಗೆ ಮುರಿದ ಬಲ್ಬನ್ ಲಖ್ನೌತಿಯ ಬಜಾರಿನ ಉದ್ದಕ್ಕೂ ಗಲ್ಲುಗಂಬ ನೆಡಿಸಿದ್ದನ್ನೂ ಬರನಿಯೇ ಬರೆದಿದ್ದಾನೆ. ಅಲ್ಲಿ ಕುಲದ ಮಾತೇ ಬರುವುದಿಲ್ಲ!

ಒಬ್ಬ ಸುಲ್ತಾನನ ಮರ್ಜಿಯಿಂದ ನಾಲ್ಕಾರು ಜನಕ್ಕೆ ಸಿಕ್ಕ ಹುದ್ದೆ ಅವರ ಕುಲದ ಹಕ್ಕಾಗಲಿಲ್ಲ. ಈ ಸತ್ಯ ಐದು ಸಂತತಿಗಳ ಪಟ್ಟಿಯಲ್ಲಿ ಸಿಗದು, ಬರನಿಯ ಸಿಟ್ಟಿನಲ್ಲಿ ಸಿಗುತ್ತದೆ. ದಲಿತ ವಿಮರ್ಶೆ ಕತೆ, ಕವಿತೆಗೇ ನಿಲ್ಲದೆ ಇಂಥ ಚರಿತ್ರೆಗಳಿಗೂ ಕೈ ಹಾಕಬೇಕು. ನಮ್ಮ ಕೇರಿಗಳ ಹುಡುಗ ಹುಡುಗಿಯರು ಪಾರಸಿ ಕಲಿಯಲಿ. ಓದಕೂಡದು ಅಂದವನನ್ನು ಅವನ ಭಾಷೆಯಲ್ಲೇ ಓದಲಿ.